ಇವನಿಗೂ ಅಂದಿರಲ್ಲ, ಅತ್ತೆ

ಕಾಮೋಠೆ
ಶುಕ್ರವಾರ, 7 ನವೆಂಬರ್ 2025

ಸುಬ್ಬಲಕ್ಷ್ಮಿ ಅತ್ತೆಯವರಿಗೆ ಇಂಚರ ಬರೆಯುವುದು.

ನಮಸ್ಕಾರ ಅಂತ ಬರೆದು ಹೊಡೆದುಹಾಕಿದ್ದೇನೆ. ಗುರುತು ಕಾಣಿಸಿದರೆ ಕಾಣಿಸಲಿ.

ಈ ಬೆಳಿಗ್ಗೆ ಕೀರ್ತನ್‌ಗೆ ನೀವು ಹೊಲಿದುಕೊಟ್ಟ ಅಂಗಿ ತೊಡಿಸಿದೆ. ನಿಮ್ಮ ಹಳೆಯ ವಾಯಿಲ್ ಸೀರೆಯದು, ಮುಂದೆ ಮೂರು ಲಾಡಿ. ಮೇಲಿನದನ್ನು ಕಟ್ಟಿದ ಮೇಲೂ ಎದೆಯ ಹತ್ತಿರ ಬಟ್ಟೆ ಜೋಲುತ್ತಿತ್ತು. ಕೆಳಗಿನೆರಡು ಲಾಡಿಗಳ ತುದಿ ಒಂದಕ್ಕೊಂದು ಮುಟ್ಟಲೇ ಇಲ್ಲ. ಹೋದ ವಾರ ಕಟ್ಟಲು ಬಂದಿತ್ತು. ಅಪ್ಪ ನೋಡಿ, "ಮೈಕೈ ತುಂಬ್ಕೊಂಡಿದಾನೆ" ಅಂದರು. ನಾಲ್ಕು ತಿಂಗಳ ಕೂಸಿನ ಹೊಟ್ಟೆಯಲ್ಲಿ ತುಂಬಿಕೊಂಡಿರುವುದು ಊದಿದ ಎರಡು ಮೂತ್ರಪಿಂಡಗಳು ಎಂದು ಅಪ್ಪನಿಗೂ ಗೊತ್ತು. ಆದರೂ ಹಾಗೆ ಅಂದರು. ನಿಮ್ಮ ತಮ್ಮನಲ್ಲವೇ.

ಫೋನಿನಲ್ಲಿ ನನಗೆ ಒಂದು ಮಾತನ್ನೂ ಮುಗಿಸಲು ನೀವು ಬಿಟ್ಟಿಲ್ಲ. ನನ್ನ ದನಿ ಸಣ್ಣದು. ನಿಮ್ಮದು ಡೊಂಬಿವಲಿ ಸ್ಟೇಷನ್ನಿನ ಗದ್ದಲದಲ್ಲೂ ಕೇಳಿಸುವಂಥದ್ದು. ಕಾಗದದ ಮೇಲಾದರೆ ನೀವು ಅಡ್ಡಬಾಯಿ ಹಾಕಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಮಾತು ಬಂದಾಗಿನಿಂದ ನಿಮ್ಮನ್ನು "ಅತ್ತೆ, ನೀನು" ಅನ್ನುತ್ತಿದ್ದೆ. ನಿಮ್ಮ ದೊಡ್ಡ ಮಗ ಸುಪ್ರೀತ್‌ರನ್ನು ಮದುವೆಯಾದ ಮಾರನೆಯ ದಿನ ಅಡುಗೆಮನೆಯಲ್ಲಿ ಕರೆದು, "ಇನ್ಮೇಲೆ ನೀವು ಅನ್ನಬೇಕು" ಅಂದಿರಿ. ಅಂದೆ. ನೀವು ಹೇಳಿದ್ದನ್ನೆಲ್ಲ ಮಾಡಿದವಳು ನಾನು. ಸೋನೋಗ್ರಫಿಯಲ್ಲಿ ಹೊಟ್ಟೆಯೊಳಗೆ ನೀರು ಕಡಿಮೆ ಎಂದು ಬಂದಾಗ ಪಕ್ಕದ ಮನೆಯ ಸೋನಾಲಿಯ ಮುಂದೆ ಏನಂದಿರಿ, ನೆನಪಿದೆಯೇ? "ಮಹಾರಾಣಿ ಆಫೀಸಲ್ಲಿ ನೀರೇ ಕುಡಿಯಲ್ಲ. ಬಾತ್ರೂಮ್‌ಗೆ ಎದ್ದು ಹೋಗೋಕೂ ನಾಚ್ಕೆ. ಎಂ.ಎ. ಬೇರೆ ಮಾಡಿದಾಳೆ." ನಾನು ನಂಬಿದೆ. ಬಾಟಲಿಗಟ್ಟಲೆ ಕುಡಿದೆ, ತುಂಬಿದ ಲೋಕಲ್ ರೈಲಿನಲ್ಲಿ ವಾಶಿಯ ಆಫೀಸಿನಿಂದ ನರಳುತ್ತ ಬಂದೆ. ಹೊಟ್ಟೆಯೊಳಗಿನ ಕೂಸು ಮೂತ್ರ ಮಾಡಿದರೆ ತಾನೇ ಆ ನೀರು ಹೆಚ್ಚುವುದು. ಅವನಿಗೆ ಅದು ಆಗುತ್ತಿರಲಿಲ್ಲ. ಇದನ್ನು ಡಾಕ್ಟರು ಹೇಳುವವರೆಗೂ ತಪ್ಪು ನನ್ನದೇ ಅಂದುಕೊಂಡಿದ್ದೆ.

ಈಗ ಎಣ್ಣೆನೀರಿನ ದಿನಕ್ಕೆ ಬರುತ್ತೇನೆ. ಮಾಲೀಶಿನ ಚಂದ್ರಬಾಯಿ ಎಣ್ಣೆ ಬಿಸಿ ಮಾಡುತ್ತಿದ್ದಳು. ನೀವು ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎದೆಯಿಂದ ಕೆಳಗೆ ಸವರಿದಿರಿ. ಹೊಟ್ಟೆಯ ಮೇಲೆ ನಿಮ್ಮ ಕೈ ನಿಂತಿತು. ಮತ್ತೆ ಎರಡೂ ಪಕ್ಕ ಮುಟ್ಟಿ ನೋಡಿದಿರಿ. ಚಂದ್ರಬಾಯಿ ಹೊಟ್ಟೆ ಒತ್ತಲು ಬಂದಾಗ "ಪೋಟ್ ನಕೋ ದಾಬೂ" ಎಂದು ಅವಳ ಕೈ ತಳ್ಳಿದಿರಿ. ಆಮೇಲೆ ನಿಮ್ಮಷ್ಟಕ್ಕೆ ನೀವೇ, ಕನ್ನಡದಲ್ಲಿ: "ಇವನಿಗೂ."

ನಾನು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದೆ. ಇನ್ಯಾರಿಗೆ ಎಂದು ಟವೆಲು ಕೊಡುವಾಗ ಕೇಳಬೇಕೆಂದಿದ್ದೆ. ನೀವು ಹೊರಗೆ ಬಂದವರು ವಾಯು ಅಂದಿರಿ, ಓಮದ ನೀರು ಅಂದಿರಿ. ಕೂಸಿನ ಉಸಿರು ಏರಿ ತುಟಿ ನೀಲಿಗಟ್ಟುವವರೆಗೂ ವಾಯುವೇ ಆಗಿತ್ತು ನಿಮಗೆ.

ಥಾಣೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು, ಎರಡೂ ಮೂತ್ರಪಿಂಡದ ತುಂಬ ಸಣ್ಣಸಣ್ಣ ನೀರುಗುಳ್ಳೆಗಳಿವೆ, ಇದು ವಂಶದಲ್ಲಿ ಬರುವ ಕಾಯಿಲೆ ಅಂದರು. ಮನೆಯಲ್ಲಿ ಹಿಂದೆ ಎಳೆಗೂಸುಗಳು ತೀರಿಕೊಂಡಿದ್ದವೇ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನೀವು, "ಛೆ ಛೆ, ನಮ್ಮನೇಲಿ ಅಂಥದ್ದೇನಿಲ್ಲ. ಇವಳ ತಾಯಿ ಕಡೆ ಏನೋ ಇರಬೇಕು" ಅಂದಿರಿ. ನನ್ನ ತಾಯಿ ಸತ್ತು ಆರು ವರ್ಷವಾಯಿತು. ಎದ್ದು ಬಂದು ಅಲ್ಲಗಳೆಯಲಾರಳು.

ಇಲ್ಲಿ ತವರಿಗೆ ಬಂದ ಮೇಲೆ ಅಪ್ಪನನ್ನು ಕೂರಿಸಿಕೊಂಡು ಕೇಳಿದೆ. ಅಪ್ಪ ಮೆಂತ್ಯದ ಸೊಪ್ಪು ಬಿಡಿಸುತ್ತ, ತಲೆಯೆತ್ತದೆ ಹೇಳಿದರು: "ಸುಬ್ಬಕ್ಕಂಗೆ ಎರಡು ಹೋಗಿದಾವೆ. ಒಂದು ಸುಪ್ರೀತನಿಗಿಂತ ಮುಂಚೆ, ಒಂದು ಅವನಾದ್ಮೇಲೆ. ಹೊಟ್ಟೆ ಕಲ್ಲಾಗಿತ್ತಂತೆ." ನನ್ನನ್ನು ಆ ಮನೆಗೆ ಕೊಡುವಾಗ ಯಾಕೆ ಹೇಳಲಿಲ್ಲ ಅಂದೆ. "ದೃಷ್ಟಿ ಅಂದ್ಕೊಂಡಿದ್ವಿ ಕಣೆ. ಅದರ ಮಾತೇ ಎತ್ತಬೇಡಿ ಅಂತ ಅವಳು ಆಣೆ ಹಾಕ್ಸಿದ್ಳು."

ನೀವು ನಿಮ್ಮ ಸೋದರಮಾವನನ್ನೇ ಮದುವೆಯಾದಿರಿ. ನಾನು ನಿಮ್ಮ ಮಗನನ್ನು. ಈ ಕಾಯಿಲೆಯ ದೋಷ ಗಂಡ ಹೆಂಡತಿ ಇಬ್ಬರೊಳಗೂ ಒಂದೊಂದು ಪಾಲು ಅಡಗಿದ್ದರೆ ಅವರಿಗೇನೂ ಆಗುವುದಿಲ್ಲವಂತೆ. ಎರಡೂ ಪಾಲು ಕೂಸಿಗೆ ಬಂದರೆ ಹೀಗೆ. ಅಂಥ ಜೋಡಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಒಂದೇ ರಕ್ತದಲ್ಲಿ ಕೊಟ್ಟು ತಂದರೆ ಅಂಥ ಜೋಡಿ ಕೂಡುವುದೇ ಸುಲಭ. ಇದು ನಿಮಗೆ ಹೇಗೆ ಗೊತ್ತಿರಬೇಕು? ಅದಕ್ಕಾಗಿ ನಾನು ಬೈಯುವುದಿಲ್ಲ. ಆದರೆ ಡಾಕ್ಟರು ಇದನ್ನು ಹೇಳಿದಾಗ ನೀವು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಕೇಳಿದಿರಿ. ಕೇಳಿದ ಮೇಲೂ ಮೊನ್ನೆ ಫೋನ್ ಮಾಡಿ ನನ್ನ ತಂಗಿ ಅಪೇಕ್ಷಾಳ ನಿಶ್ಚಿತಾರ್ಥದ ಸೀರೆಯ ಬಣ್ಣ ಕೇಳಿದಿರಿ.

ಅವಳನ್ನು ನಿಮ್ಮ ಚಿಕ್ಕ ಮಗ ಸುಮುಖನಿಗೆ ತಂದುಕೊಳ್ಳಲು ನಿಮಗೆ ಇಷ್ಟು ಅವಸರ ಯಾಕೆಂದು ಈಗ ತಿಳಿಯಿತು. ಹೊರಗಿನವರು ವಿಚಾರಿಸುತ್ತಾರೆ. ಕೀರ್ತನ್‌ಗೆ ಏನಾಗಿದೆ ಎಂದು ಕೇಳುತ್ತಾರೆ. ನಿಮ್ಮ ತಮ್ಮ ಕೇಳುವುದಿಲ್ಲ. "ನಿಶ್ಚಿತಾರ್ಥ ಮುಗಿಯೋವರ್ಗೂ ತುಟಿ ಹೊಲ್ಕೊಂಡಿರು. ನಿನ್ನ ಸಾಹಿತ್ಯ ನನ್ನ ಮನೆ ಮೇಲೆ ಬಿಡಬೇಡ. ಬಾಯಿ ಬಿಟ್ಯೋ, ಈ ಮನೆ ಹೊಸಿಲು ತುಳಿಯೋ ಹಾಗಿಲ್ಲ" ಎಂದು ಅದೇ ಫೋನಿನಲ್ಲಿ ಅಂದಿರಿ. ಸುಪ್ರೀತ್ ಅಲ್ಲೇ ಇದ್ದರು, ಅವರು ಕೆಮ್ಮಿದ್ದು ನನಗೆ ಕೇಳಿಸಿತು. ಆಮೇಲೆ ಅವರಿಂದ ಮತ್ತದೇ ಮೆಸೇಜು ಬಂತು: ಅಮ್ಮನ ಹತ್ತಿರ ಮಾತಾಡುತ್ತೇನೆ, ಸ್ವಲ್ಪ ತಡೆ. ಎರಡು ತಿಂಗಳಿಂದ ತಡೆಯುತ್ತಲೇ ಇದ್ದೇನೆ.

ಅಪೇಕ್ಷಾಳಿಗೆ ಇನ್ನೂ ಗೊತ್ತಿಲ್ಲ. ಅಕ್ಕನ ಮಗುವಿಗೆ ಹುಷಾರಿಲ್ಲ, ಅಷ್ಟೇ ಅವಳಿಗೆ. ದಿನಾ ಬಂದು ಅವನ ರಕ್ತದೊತ್ತಡದ ಔಷಧಿಯನ್ನು ಸಿರಿಂಜಿನಲ್ಲಿ ಕುಡಿಸುತ್ತಾಳೆ, ನನಗಿಂತ ಚೆನ್ನಾಗಿ. "ನಂಗೂ ಇಂಥದೊಂದು ಬೇಕು" ಎಂದು ಅವನ ಕಾಲಿಗೆ ಮುತ್ತಿಡುತ್ತಾಳೆ. ಅದನ್ನು ನೋಡಿಕೊಂಡು ಸುಮ್ಮನಿರಲು ನನಗೆ ಇನ್ನು ಆಗುವುದಿಲ್ಲ.

ಇವತ್ತು ಸಂಜೆ ಅವಳು ಆಫೀಸಿನಿಂದ ಬಂದ ಕೂಡಲೇ ಎಲ್ಲವನ್ನೂ ಹೇಳುತ್ತೇನೆ. ಅವಳೂ ಸುಮುಖನೂ ರಕ್ತಪರೀಕ್ಷೆ ಮಾಡಿಸಲಿ. ಆಮೇಲೆ ಮದುವೆಯಾಗುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಪರೀಕ್ಷೆಗೆ ಮೊದಲು ನಿಶ್ಚಿತಾರ್ಥ ಮಾಡಿದರೆ ನಾನೇ ನಿಶ್ಚಿತಾರ್ಥದ ಹಾಲ್‌ಗೆ ಬಂದು ಎಲ್ಲರ ಮುಂದೆ ಹೇಳುತ್ತೇನೆ, ಈ ಸಣ್ಣ ದನಿಯಲ್ಲೇ. ಹೊಸಿಲಿನ ಚಿಂತೆ ಬೇಡ. ನೀವು ಥಾಣೆಗೆ ಬಂದು, ಆ ಡಾಕ್ಟರ ಮುಂದೆ ಕೂತು, ನಿಮ್ಮ ಆ ಇಬ್ಬರು ಮಕ್ಕಳ ವಿಷಯ ನಿಮ್ಮ ಬಾಯಿಂದಲೇ ಹೇಳುವವರೆಗೆ ನಾನೂ ಕೀರ್ತನ್‌ನೂ ಡೊಂಬಿವಲಿಗೆ ಬರುವುದಿಲ್ಲ.

ಇಂಚರ

ಮತ್ತೊಂದು ಮಾತು: ಪತ್ರ ಮಡಿಸುವಾಗ ಸುಮುಖ ಬಂದ, ಮಗುವಿಗೆ ಗಿಲಕಿ ತಂದಿದ್ದ. ಅವನಿಗೂ ಹೇಳಿಬಿಟ್ಟೆ. ನಿಮ್ಮ ಮೇಲೆ ಕೂಗಾಡುತ್ತಾನೆ ಅಂದುಕೊಂಡಿದ್ದೆ, ಕೂಗಾಡಲಿಲ್ಲ. ಗಿಲಕಿಯನ್ನು ಕೀರ್ತನ್ ಕೈಗಿಟ್ಟು, "ಅಣ್ಣಂದಿರಾ ಅತ್ಗೆ, ಅಕ್ಕಂದಿರಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಅಪೇಕ್ಷಾಳೊಡನೆ ಮಾತಾಡಿಕೊಂಡು ರಾತ್ರಿಗೆ ಮನೆಗೆ ಬರುತ್ತಾನೆ. ಈ ಪತ್ರವನ್ನು ಅವನ ಕೈಯಲ್ಲೇ ಕೊಡುತ್ತಿದ್ದೇನೆ. ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂತಿರುತ್ತಾನಂತೆ.