ಹೂವಿನ ಹಾಗೆ ಇಳಿಸಿದವನು

ಅಕ್ಕಾ,

ನೀನು ಸುಖವಾಗಿ ಮನೆ ಸೇರಿದೆಯೆಂದು ಭಾವ ಫೋನಿನಲ್ಲಿ ಹೇಳಿದರು.

ಮೊನ್ನೆ ನಾನು ಹಾರಿಸುವ ನಮ್ಮ ಯಜಮಾನರ ಪುಟ್ಟ ಜೆಟ್‌ನಲ್ಲಿ ನಿನ್ನನ್ನು ನನ್ನ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡಿದ್ದೆ. ಇಳಿಯುವ ಹೊತ್ತಿಗೆ ಅಡ್ಡಗಾಳಿ ಎದ್ದಿತು. ರೇಡಿಯೊದಲ್ಲಿ ಒಂದರ ಮೇಲೊಂದು ಸೂಚನೆ. ಎರಡು ಕೈ ಸಾಲದೆ ನಾನು ಒದ್ದಾಡುತ್ತಿದ್ದಾಗ ನೀನು, "ತಮ್ಮಾ, ಏನೋ ಕೂಗ್ತಿದೆಯಲ್ಲೋ" ಎಂದೆ.

"ಸುಮ್ನೆ ಕೂತ್ಕೊಳ್ಳೇ, ತಲೆ ತಿನ್ಬೇಡ" ಎಂದು ನಾನು ರೇಗಿದೆ.

"ಇಲ್ವೋ, ಕೂಗ್ತಾನೇ ಇದೆ."

ಆಗಷ್ಟೇ ಆ ಎಚ್ಚರಿಕೆಯ ಹಾರ್ನ್ ನನ್ನ ಕಿವಿಗೆ ಬಿತ್ತು. ನಾನು ಚಕ್ರಗಳನ್ನೇ ಇಳಿಸಿರಲಿಲ್ಲ. ತಕ್ಷಣ ವಿಮಾನವನ್ನು ಮೇಲೆತ್ತಿ, ಒಂದು ಸುತ್ತು ಹಾಕಿ, ಚಕ್ರ ಇಳಿಸಿ ನೆಲ ಮುಟ್ಟಿಸಿದೆ.

ಹಿಂದೆ ಕೂತಿದ್ದ ಯಜಮಾನರು, "ಯಾಕಪ್ಪಾ ಸುತ್ತು ಹಾಕಿದ್ದು?" ಎಂದಾಗ, "ನಮ್ಮಕ್ಕ ಹೆದರಿ ಗಲಾಟೆ ಮಾಡಿದ್ಲು ಸಾರ್" ಎಂದು ನಕ್ಕುಬಿಟ್ಟೆ. ನೀನೂ ತಲೆ ತಗ್ಗಿಸಿ ನಕ್ಕೆ.

ಇವತ್ತು ಅವರಿಗೆ ನಿಜ ಹೇಳಿದೆ. ಇನ್ನು ಜೊತೆಗೊಬ್ಬ ಪೈಲಟ್ ಇಲ್ಲದೆ ನಾನು ಹಾರುವಂತಿಲ್ಲ. ಅದು ಸರಿಯೇ.

ಆದರೆ ನೀನು ಬೀದಿಯಲ್ಲೆಲ್ಲ, "ನನ್ ತಮ್ಮ ಹೂವಿನ ಹಾಗೆ ಇಳಿಸಿದ" ಎಂದು ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅದನ್ನು ಮಾತ್ರ ತಡೆದುಕೊಳ್ಳಲು ಆಗುತ್ತಿಲ್ಲ. ಹೊಗಳುವುದನ್ನು ನಿಲ್ಲಿಸಕ್ಕಾ. ಬಿಡುವಾದಾಗ ಚೆನ್ನಾಗಿ ಬೈದು ನಾಲ್ಕು ಸಾಲು ಬರೆ.

ನಿನ್ನ ಮುಖ ನೋಡಲು ನಾಚುತ್ತಿರುವ
ತಮ್ಮ