ಯಾರೆಂದು ತಿಳಿಯದವರಿಗೆ ಏಳು ಬಿಲ್ಲೆ

ಮಂಗಳವಾರ, ಮಧ್ಯಾಹ್ನ

ನನ್ನ ಮೊಂಡಿ ಮೊಮ್ಮಗಳಿಗೆ,

ಅಜ್ಜಿಯ ಆಶೀರ್ವಾದ. ಭಾನುವಾರದಿಂದ ನಿನ್ನ ಫೋನ್ ಎತ್ತಲಿಲ್ಲ, ಸಿಟ್ಟಿತ್ತು. ಈಗ ಇಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಅಕ್ಷರ, ಸಹಿಸಿಕೋ.

ಜನ ಕೈಗೆ ಬಂದದ್ದನ್ನು ಹೇಗೆ ಹಂಚುತ್ತಾರೆ ಎಂದು ನೋಡುವ ಪ್ರಯೋಗ ಎಂದೆ ನೀನು, ಆ ಭಾನುವಾರ. ಬೇರೆ ಬೇರೆ ಬಡಾವಣೆಯವರನ್ನು ಕಾಲೇಜಿನ ಕೋಣೆಯಲ್ಲಿ ರಟ್ಟಿನ ಮರೆ ಕಟ್ಟಿ ಕೂರಿಸಿದೆ. ಒಬ್ಬೊಬ್ಬರಿಗೂ ಹತ್ತು ಬಿಲ್ಲೆ, ಕೊನೆಗೆ ಅದನ್ನು ಕೊಟ್ಟರೆ ದುಡ್ಡು. ಯಾರೆಂದು ತಿಳಿಯದ ಒಬ್ಬರಿಗೆ ಮನಸ್ಸು ಬಂದಷ್ಟು ಲಕೋಟೆಗೆ ಹಾಕಿ, ಉಳಿದದ್ದು ನಿಮ್ಮದು, ಮಾತಾಡಬೇಡಿ ಎಂದೆ.

ನನಗೆ ಮಾತಾಡಬೇಡ ಎನ್ನುವುದೂ ಒಂದೇ, ಹಾಲಿಗೆ ಉಕ್ಕಬೇಡ ಎನ್ನುವುದೂ ಒಂದೇ. ಪಕ್ಕದ ಮರೆಯಿಂದ ನನ್ನ ಓರಗಿತ್ತಿಯ ಕೆಮ್ಮು ಕೇಳಿಸಿತು. ನಿನ್ನ ತಾತ ಹೋದಾಗಿನಿಂದ ಅವಳೊಂದಿಗೆ ಮಾತಿಲ್ಲ. ನನ್ನ ಜೋಡಿ ಅವಳೇ ಎಂದುಕೊಂಡು ಏಳು ಹಾಕಿದೆ. ಹಾಕಿ ಸುಮ್ಮನಿರದೆ, "ಏಳು ಕೊಟ್ಟಿದ್ದೀನಿ ಕಣೇ, ಎಣಿಸ್ಕೋ!" ಎಂದು ಕೂಗಿಯೂಬಿಟ್ಟೆ.

ನಿನ್ನ ಮೇಷ್ಟ್ರು ಪಾಪ, ಅಜ್ಜಿಯದೊಂದು ತೆಗೆದುಹಾಕು, ಉಳಿದದ್ದು ಇಟ್ಟುಕೋ, ತಿಂಗಳ ಕೊನೆಗೆ ಪ್ರಬಂಧ ಕೊಡದಿದ್ದರೆ ಸಿಕ್ಕ ಕೆಲಸ ಕೈತಪ್ಪುತ್ತದೆ ಎಂದರು. ನೀನು ಇಡೀ ದಿನದ್ದನ್ನೇ ರದ್ದು ಮಾಡಿದೆ. "ಆ ಕೂಗು ಎಲ್ರಿಗೂ ಕೇಳ್ಸಿದೆ ಸರ್. ಆಮೇಲೆ ಹಾಕಿದೋರು ಮನಸ್ಸಿಂದ ಹಾಕಿದ್ರೋ, ನಾಚಿಕೆಗೆ ಹಾಕಿದ್ರೋ, ಹೇಗೆ ಹೇಳ್ಲಿ?" ಎಂದೆ. ನಾಲ್ಕು ಜನರೆದುರು ಮಾನ ಕಳೆದಳಲ್ಲ ಎಂದು ನಾನು ಉರಿದುಹೋದೆ.

ಪಾತ್ರೆ ಕುಕ್ಕಿ ಕುಕ್ಕಿ ಕೈ ನೋವು ಬಂದ ಮೇಲೆ ಬುದ್ಧಿಯೂ ಬಂತು. ಕೆಲಸ ಹೋದರೂ ಹೋಗಲಿ ಎಂದು ಅನುಮಾನದ ಲೆಕ್ಕವನ್ನು ಮುಟ್ಟಲಿಲ್ಲ ನೀನು, ಸ್ವಂತ ಅಜ್ಜಿಗೂ ರಿಯಾಯಿತಿ ಕೊಡಲಿಲ್ಲ. ಹೀಗೆ ನೆಟ್ಟಗೆ ನಿಂತವರನ್ನು ನಾನು ಕಂಡಿಲ್ಲ, ಮಗಳೇ. ಹೆಮ್ಮೆಗೆ ರವಿಕೆ ಬಿಗಿಯಾಗುತ್ತಿದೆ.

ಶನಿವಾರ ನಮ್ಮ ಬಡಾವಣೆಯ ಉಳಿದವರನ್ನು ಕೂರಿಸುತ್ತೀಯಂತೆ. ಮೊದಲೇ ಸುದ್ದಿ ಹಬ್ಬಿದರೆ ಅದೂ ಕೆಟ್ಟಿತು, ಆಮೇಲೆ ನಿನಗೆ ಸಮಯವೇ ಇಲ್ಲ ಎಂದು ನಿಮ್ಮಮ್ಮ ಹೇಳಿದಳು. ಅಂಗಡಿಯಲ್ಲಿ ಎಲ್ಲರೂ ಕೆದಕಿ ಕೇಳುತ್ತಾರೆ. ನಾನು ತುಟಿ ಬಿಚ್ಚಿಲ್ಲ. ಹೊಟ್ಟೆ ಉಬ್ಬರಿಸಿದೆ, ಪರವಾಗಿಲ್ಲ.

ನಿನ್ನ,
ಬಾಯಿಬಡುಕಿ ಅಜ್ಜಿ

ಮರೆತ ಮಾತು: ಇಲ್ಲಿ ಆಟ ಗೊತ್ತಿರುವ ಇನ್ನೊಂದು ಬಾಯಿ ಓರಗಿತ್ತಿಯದು. ಅದನ್ನೂ ಕಟ್ಟಬೇಕಿತ್ತಲ್ಲ, ನಿನ್ನೆ ಅವಳ ಮನೆಗೆ ಹೋದೆ. ಬಾಗಿಲು ತೆಗೆದವಳೇ, "ಏಳು ಅಂತ ಬೊಬ್ಬೆ ಹೊಡೆದೆ, ನಂಗ್ ಬಂದ ಲಕೋಟೇಲಿ ಇದ್ದಿದ್ದು ಎರಡೇ!" ಎಂದು ಜಗಳ ತೆಗೆದಳು. ಜೋಡಿ ಯಾರೆಂದು ಯಾರಿಗೂ ತಿಳಿಯದಂತೆ ಕಲಸಿಟ್ಟಿದ್ದೀಯಲ್ಲ, ಭಲೆ! ನಕ್ಕು ನಕ್ಕು ಇಬ್ಬರಿಗೂ ಕೆಮ್ಮು ಬಂತು. ಬಾಯಿ ಬಿಡುವುದಿಲ್ಲ ಎಂದಿದ್ದಾಳೆ, ಆದರೆ ಅವಳನ್ನು ನಂಬುವುದು ಹೇಗೆ? ಶನಿವಾರದವರೆಗೆ ದಿನಾ ಹೋಗಿ ಕಾವಲು ಕೂರುತ್ತೇನೆ. ಆಮೇಲೂ ಹೋಗುತ್ತೇನೇನೋ, ನಿಮ್ಮಮ್ಮನಿಗೆ ಹೇಳಬೇಡ.