ನಲವತ್ತೊಂದು ಕೆಂಪು ಬೆರಳುಗಳು

ಮೂರನೇ ತಂಡ, ಕಾಫಿ ಫಾರಂ
18 ಜೂನ್ 2006

ಮಗಳೇ ಲುವಾ,

ನೀನು ಆರೋಗ್ಯವಾಗಿದ್ದೀಯ ಎಂದುಕೊಂಡಿದ್ದೇನೆ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡು ತಿಂಗಳು ತಡ ಮಾಡಿದೆ, ಬಯ್ಯುವುದಿದ್ದರೆ ಬಯ್ದುಬಿಡು. ಬಿಡುವಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕೈ ಬರಲಿಲ್ಲ.

ಮೊದಲು ಇದನ್ನು ಓದು. ನಿನ್ನ ಶೂ ಕಾರ್ಖಾನೆಯ ಗೆಳತಿಯರಿಗೂ ಓದಿ ಹೇಳು.

ಇಪ್ಪತ್ತು ವರ್ಷ ಈ ಸರ್ಕಾರಿ ಫಾರಂನಲ್ಲಿ ದುಡಿದವರಿಗೆ ಕೆಂಪು ಪುಸ್ತಕ, ಅಂದರೆ ಜಮೀನಿನ ಹಕ್ಕುಪತ್ರ, ಕೊಡುತ್ತೇವೆ ಎಂದರು. ಇಪ್ಪತ್ತೆಂಟು ವರ್ಷ ದುಡಿದೆವು. ಕೊಡಲಿಲ್ಲ. ಅದರಲ್ಲಿ ಗಂಡನ ಪಕ್ಕ ಹೆಂಡತಿಯ ಹೆಸರನ್ನೂ ಬರೆಯುತ್ತೇವೆ ಎಂದರು. ಪುಸ್ತಕವೇ ಇಲ್ಲ, ಹೆಸರೆಲ್ಲಿ ಬರೆಯುತ್ತಾರೆ? ಶಾಲೆಗೆ ಹೆಂಚು ಹಾಕಿಸುತ್ತೇವೆ ಎಂದರು. ಹಾಕಿಸಲಿಲ್ಲ. ಗುಡ್ಡದ ಮೇಲಿನ ಸಮಾಧಿಗಳನ್ನು ಯಾರೂ ಮುಟ್ಟುವುದಿಲ್ಲ ಎಂದರು. ಹೋದ ವಾರ ಅಲ್ಲಿ ಗೂಟ ಹೊಡೆದು ಹೋಗಿದ್ದಾರೆ. ಗೂಟದ ತುದಿಗೆ ಕೆಂಪು ಬಣ್ಣ ಬಳಿದಿದ್ದಾರೆ, ದೂರದಿಂದ ಕಾಣಲಿ ಅಂತ.

ಈ ಊರಿನ ಕೆಂಪು ನಿನಗೆ ಗೊತ್ತಲ್ಲ. ಪೇಟೆಗೆ ಹೋದರೆ ಅಂಗಡಿಯವರು ನಮ್ಮ ಕಾಲು ನೋಡಿ, "ಬಂದ್ಲಪ್ಪ ಕೆಂಪು ಹಿಮ್ಮಡಿ, ಈಗಷ್ಟೇ ನೆಲ ಒರೆಸಿದ್ದೆ" ಅನ್ನುತ್ತಿದ್ದರು. ನೀನು ಹೈಸ್ಕೂಲಿಗೆ ಸೇರಿದಾಗ ಆ ಬಣ್ಣ ಹೋಗಲೆಂದು ನಿಂಬೆಸಿಪ್ಪೆಯಲ್ಲಿ ಹಿಮ್ಮಡಿ ತಿಕ್ಕಿ ತಿಕ್ಕಿ ರಕ್ತ ಬರಿಸಿಕೊಂಡಿದ್ದೆ. ಈಗ ಗಣಿಯವರು ಹೇಳುತ್ತಾರೆ, ಈ ಮಣ್ಣೇ ಅದಿರಂತೆ. ಮೇಲಿನ ಹತ್ತಡಿ ಬಗೆದರೆ ಸಾಕಂತೆ. ನಮ್ಮ ಕಾಲಿಗೆ ಹತ್ತಿದಾಗ ಕೊಳೆ, ಅವರ ಲಾರಿಗೆ ಹತ್ತಿದಾಗ ಐಶ್ವರ್ಯ!

ಹೊಸವರ್ಷದ ಹಬ್ಬದ ನಾಲ್ಕನೇ ದಿನ ನಡೆದದ್ದನ್ನು ನೀನು ಅವರಿವರ ಬಾಯಲ್ಲಿ ಕೇಳಿದ್ದೀಯ. ಸರಿಯಾಗಿ ಬರೆಯುತ್ತೇನೆ. ಪ್ರತಿ ವರ್ಷದಂತೆ ಅಂದು ಹಿರಿಯರ ಆಯುಷ್ಯದ ಸನ್ಮಾನ. ಎಪ್ಪತ್ತು ತುಂಬಿದ ನಿಮ್ಮಪ್ಪ, ಎಂಬತ್ತೆರಡರ ಸೆನ್ ಅಜ್ಜಿ, ಇನ್ನೂ ಮೂವರು ಕೆಂಪು ನಿಲುವಂಗಿ ತೊಟ್ಟು, ಕೆಂಪು ರುಮಾಲು ಸುತ್ತಿ ಕೂತಿದ್ದರು. ಹಣ್ಣಿನ ತಿರುಳು ಕಲಸಿದ ಕೆಂಪನ್ನ ನಾನೇ ಬೇಯಿಸಿದ್ದೆ. ಫಾರಂ ಕಚೇರಿಯ ಲಾಪ್ ಜೀಪಿನಲ್ಲಿ ಬಂದ. ಹಿರಿಯರಿಗೆಲ್ಲ ರೇಷ್ಮೆ ಬಟ್ಟೆ, ಮನೆಗೊಂದು ಹಣವಿಟ್ಟ ಕೆಂಪು ಲಕೋಟೆ. "ಉಡುಗೊರೆ ಮುಟ್ಟಿದ್ದಕ್ಕೆ ಬೆರಳೊತ್ತಿ ತಾತ, ಮೇಲಿನವರಿಗೆ ತೋರಿಸಬೇಕು" ಅಂದ. ಕಾಗದದ ಮೇಲರ್ಧದ ಮೇಲೆ ರೇಷ್ಮೆಯ ಕಟ್ಟು ಇಟ್ಟಿದ್ದ. ಕೆಳಗೆ ಕೆಂಪು ಶಾಯಿಯ ಡಬ್ಬಿ.

ಹೊಸವರ್ಷದ ಮೊದಲ ದಿನಗಳಲ್ಲಿ ಉಡುಗೊರೆ ತಂದವನನ್ನು ಪ್ರಶ್ನೆ ಕೇಳಿದರೆ ವರ್ಷವೆಲ್ಲ ಜಗಳ ಎಂದು ನಂಬಿದ ಜನ ನಾವು. ಕೆಂಪು ಕಂಡರೆ ಅದೃಷ್ಟ ಅನ್ನುತ್ತೇವೆ. ಕೆಂಪು ಮುದ್ರೆ ಬಿದ್ದರೆ ಸತ್ಯ ಅನ್ನುತ್ತೇವೆ. ತಂಡದ ಮುಖಂಡ ಅಂತ ಮೊದಲ ಗುರುತು ನಿಮ್ಮಪ್ಪನದು. ಮುಖಂಡ ಖಿಯೆಮ್ ಒತ್ತಿದ ಮೇಲೆ ಇನ್ನೇನು ಎಂದು ಉಳಿದ ನಲವತ್ತು ಮನೆಯವರು ಸಾಲಾಗಿ ಬಂದು ಒತ್ತಿದರು. ಆಮೇಲೆ ನಕ್ಕು, ಆ ಬೆರಳನ್ನು ಮಕ್ಕಳ ಹಣೆಗೆ ಒರೆಸಿದರು.

ಏಪ್ರಿಲ್‌ನಲ್ಲಿ ಲಾಪ್ ಅದೇ ಕಾಗದ ಹಿಡಿದು ಬಂದ. ಮೇಲರ್ಧದಲ್ಲಿ ಏನಿತ್ತು ಗೊತ್ತೆ? "ಜಮೀನು ಬಿಟ್ಟುಕೊಡಲು, ಸಮಾಧಿಗಳನ್ನು ಸ್ಥಳಾಂತರಿಸಲು ನಮ್ಮ ಪೂರ್ಣ ಒಪ್ಪಿಗೆ ಇದೆ."

ಸೆನ್ ಅಜ್ಜಿ ಒಳಗೆ ಹೋಗಿ ಆ ಕೆಂಪು ನಿಲುವಂಗಿಯನ್ನು ತಂದು ಜೀಪಿನ ಮುಂದೆ ಬಿಸಾಡಿದಳು. "ಇದನ್ನೂ ತಗೊಂಡು ಹೋಗೋ. ಬೆರಳೂ ಬೇಕೇನೋ? ಮಚ್ಚು ತರಲಾ?"

"ಅಜ್ಜಿ, ಮುದ್ರೆ ಬಿದ್ಮೇಲೆ ಬಾಯಿಗೆ ಬೆಲೆ ಇಲ್ಲ."

"ನಿಮ್ಮಮ್ಮನ ಹೆರಿಗೆ ಮಾಡಿಸಿದ್ದು ನಾನು ಕಣೋ. ಕೆಂಪು ಕೂಸಾಗಿದ್ದೆ, ಇಷ್ಟೇ ಇಷ್ಟು. ಆಗ್ಲೇ ಕೈ ಜಾರಿಸಿದ್ರೆ ಆಗ್ತಿತ್ತು."

ಜನ ನಕ್ಕರು. ಲಾಪ್ ನಗಲಿಲ್ಲ. ನಿಮ್ಮಪ್ಪನೂ ನಗಲಿಲ್ಲ.

ಅಂದಿನಿಂದ ನಿಮ್ಮಪ್ಪ ಬೀದಿಗೆ ಇಳಿದರೆ ಸಾಕು, ಚುಚ್ಚುಮಾತು. ಪಕ್ಕದ ಮನೆಯ ತ್ವಾತ್ ನಮ್ಮ ಬಾಗಿಲಲ್ಲೇ ಉಗಿದು ಹೋದ. "ಏನ್ ಮುಖಂಡರೇ, ಒಂದು ಗಜ ರೇಷ್ಮೆಗೆ ನಲವತ್ತೊಂದು ಮನೆ. ಒಳ್ಳೇ ವ್ಯಾಪಾರ! ಅಂಗಿ ಹೊಲಿಸಿದ್ರಾ?" ಅಂದ. ಬಾವಿಯ ಹತ್ತಿರ ಹೆಂಗಸರು ನಿಮ್ಮಪ್ಪನಿಗೆ ಹಗ್ಗ ಬಿಟ್ಟುಕೊಡುವುದಿಲ್ಲ. ಎಲ್ಲರೂ ತುಂಬಿಸಿಕೊಂಡು ಹೋಗುವ ತನಕ ಕಣ್ಣು ಮಂಜಾದ ಮುದುಕ ಬಿಸಿಲಲ್ಲಿ ನಿಂತಿರುತ್ತಾರೆ. ನೀನು ಬರೆದೆ: "ಸಮಾಧಿ ಮಾರಿದ ಅಪ್ಪನ ಮುಖ ನೋಡಲ್ಲ." ಅವರು ಕೈಯಾರೆ ಹುರಿದು ಕಳಿಸಿದ ಕಾಫಿಯ ಪೊಟ್ಟಣವನ್ನು ಬಿಚ್ಚದೆ ಹಿಂದಕ್ಕೆ ಕಳಿಸಿದೆ. ಅವರು ಅದನ್ನು ಮೂಸಿ ನೋಡಿ, "ಘಮ ಹೋಗಿಲ್ಲ ಕಣೇ" ಅಂದರು. ಅಷ್ಟೇ.

ಗುಡ್ಡದ ಮೇಲೆ ನಿನ್ನ ಅಣ್ಣ ಇದ್ದಾನೆ, ಹೆಸರಿಡುವ ಮುಂಚೆಯೇ ಹೋದವನು. ಅಗೆಯುವವರು ಬಂದರೆ ಮೂಳೆ ಇಡಲು ಮಣ್ಣಿನ ಗುಡಾಣ, ಹೊದಿಸಲು ಕೆಂಪು ಬಟ್ಟೆ ನಾವೇ ತರಬೇಕಂತೆ. ಇಷ್ಟು ವರ್ಷವಾಯಿತು, ಆ ಪುಟ್ಟ ಮೂಳೆ ಮಣ್ಣಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ಬಟ್ಟೆಯಲ್ಲಿ ಏನು ಸುತ್ತಲಿ?

ನಾವು ಸುಮ್ಮನೆ ಕೂತಿಲ್ಲ. ಪ್ರಾಂತ್ಯದ ಕಚೇರಿಗೆ ಮೂರು ಸಲ ನಡೆದೆವು. ಕಡೆಗೆ ವಿಚಾರಣೆಗೆ ಒಪ್ಪಿದ್ದಾರೆ. ಆದರೆ ಅಲ್ಲಿಯ ಅಧಿಕಾರಿ ಒಂದೇ ಮಾತು ಹಿಡಿದಿದ್ದಾನೆ: "ನಲವತ್ತು ಮಂದಿ ಮುಖಂಡರನ್ನ ನೋಡಿ ಒತ್ತಿದೆವು ಅಂತಾರೆ. ಮುಖಂಡರು ಗುರುತು ನಂದೇ ಅಂತಾರೆ. ಮತ್ತೆ ಮೋಸ ಎಲ್ಲಿದೆ?" ಆ ಮೊದಲ ಗುರುತು ಬಿದ್ದುಹೋದರೆ ಮಿಕ್ಕ ನಲವತ್ತೂ ಬೀಳುತ್ತವೆ. ಅದು ನಿಂತರೆ ಕಾಫಿ ಹಣ್ಣಾಗುವ ಮುಂಚೆ ಯಂತ್ರಗಳು ಬರುತ್ತವೆ. ವಿಚಾರಣೆಯ ದಿನ ಇವರು ಬಾಯಿ ಬಿಡುವುದಿಲ್ಲ. ಬರೆದದ್ದನ್ನು ಮುಚ್ಚಿಟ್ಟು ಒತ್ತಿಸಿದರು ಅಂತ ಹೇಳಿ ಎಂದು ಊರವರೆಲ್ಲ ಬೇಡಿಕೊಂಡರು, ಸೆನ್ ಅಜ್ಜಿ ಕಾಲು ಹಿಡಿಯಲು ಹೋದಳು. "ಗುರುತು ನಂದೇ" ಅನ್ನುತ್ತಾರೆ, ಎದ್ದು ಹೋಗಿ ಕೋಳಿಗೆ ಕಾಳು ಹಾಕುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಂಟಿನ ವಾಸನೆಗೆ ತಲೆ ಸುತ್ತಿದರೆ ಹೊರಗೆ ಬಂದು ನಿಲ್ಲು, ಮೇಸ್ತ್ರಿ ಬೈದರೆ ಬೈಯಲಿ. ಯಾರಿಗೂ ತಲೆ ಬಾಗಿಸಬೇಡ. ನಿನ್ನ ಬಾಳು ನಿನ್ನ ಕೈಯಲ್ಲೇ ಇರಲಿ, ಅದೇ ನನ್ನ ಆಶೀರ್ವಾದ.

ನಿನ್ನ ತಾಯಿ,
ಥೋನ್

ಮರೆತೆ ಅಂತ ಕೆಳಗೆ ಬರೆಯುತ್ತಿಲ್ಲ, ಲುವಾ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ.

ಅಂದು ನಿಮ್ಮಪ್ಪ ಒತ್ತಲಿಲ್ಲ. ಬೆರಳು ಮಡಚಿಕೊಂಡು, "ಏನ್ ಬರೆದಿದೆ, ಒಂಚೂರು ಓದಿ ಹೇಳೇ, ನನಗೆ ಕಾಣಲ್ಲ" ಅಂದರು. ನಾನು ಮಹಿಳಾ ಸಂಘದ ಅಧ್ಯಕ್ಷೆ. ಓದಲು ಬರುತ್ತದೆ. ರೇಷ್ಮೆಯ ಕಟ್ಟು ಎತ್ತಿದ್ದರೆ ಸಾಕಿತ್ತು. ಅದು ಬಿಟ್ಟು, "ಹಬ್ಬದ ದಿನ ಅಪಶಕುನ ಆಡಬೇಡ್ರೀ, ಅನ್ನ ಆರ್ತಾ ಇದೆ, ಜನ ಕಾಯ್ತಿದಾರೆ" ಎಂದು ಅವರ ಬೆರಳು ಬಿಡಿಸಿ, ಶಾಯಿಗೆ ಅದ್ದಿ, ಕಾಗದಕ್ಕೆ ನಾನೇ ಒತ್ತಿದೆ. ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಏಪ್ರಿಲ್‌ನಲ್ಲಿ ಲಾಪ್ ಓದಿ ಹೇಳಿದಾಗ ಇವರು ನನ್ನ ಕಡೆ ಒಂದೇ ಸಲ ತಿರುಗಿದರು, ಆಮೇಲೆ "ಗುರುತು ನಂದೇ" ಅಂದರು. ಊರಿಗೆ ಭಾಷಣ ಮಾಡುವ ನಾನು ಎರಡು ತಿಂಗಳು ಆ ಮಾತಿನ ಹಿಂದೆ ಅಡಗಿ ಕೂತೆ. ತ್ವಾತ್ ಉಗಿದಾಗಲೂ ಒಲೆಯ ಮುಂದಿಂದ ಏಳಲಿಲ್ಲ. ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದವಳೂ ನಾನೇ. ಒಂದಕ್ಷರ ಬಿಡದೆ ಓದಿದೆ.

ವಿಚಾರಣೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ಸಂಘದಿಂದ ತೆಗೆಯಲಿ, ಜೈಲಿಗೆ ಹಾಕಲಿ, ಊರು ನನ್ನ ಮುಖಕ್ಕೆ ಉಗಿಯಲಿ. ಇವರಿಗೆ ಇನ್ನೂ ತಿಳಿಸಿಲ್ಲ. ತಿಳಿಸಿದರೆ ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ನೀನು ಬಾ. ನನ್ನ ಪಕ್ಕ ಕೂರಬೇಡ, ಅವರ ಪಕ್ಕ ಕೂರು. ಪ್ರಾಂತ್ಯದ ಕಚೇರಿ, ಎರಡನೇ ಮಹಡಿ. ಜೂನ್ ಇಪ್ಪತ್ತೇಳು, ಮಂಗಳವಾರ, ಬೆಳಿಗ್ಗೆ ಎಂಟು ಗಂಟೆ.